ಹತ್ತೊಂಬತ್ತು ವೆಸ್ಕರು ಮತ್ತು ಒಬ್ಬ ಮೇಷ್ಟ್ರು

ಜೋಸಿಮ್ ತಾತನನ್ನು ಮಣ್ಣು ಮಾಡಿ ಬಂದು ಶಾಲೆಯ ಕೊಠಡಿಯಲ್ಲಿ ಸಾವಿನೂಟಕ್ಕೆ ಕೂತಾಗ ನಾವು ಇಪ್ಪತ್ತು ಜನ ಇದ್ದೆವು. ಎಣಿಸಿದ್ದು ತೆಕ್ಲಜ್ಜಿ. ನಮ್ಮ ಜನರಲ್ಲೆಲ್ಲ ಹಿರಿಯಳು ಅವಳು. ಬಟ್ಟಲು ಜೋಡಿಸುವಾಗ ಗಟ್ಟಿಯಾಗಿ ಎಣಿಸಿಕೊಂಡೇ ಜೋಡಿಸುವುದು ಅವಳ ಅಭ್ಯಾಸ. ಇಪ್ಪತ್ತನೆಯ ಬಟ್ಟಲು ಕ್ಷೌರದ ಮಿಹಾಲನದು. ಅವನು ಮಾತ್ರ ತಡವಾಗಿ, ಸೇತುವೆಯ ಕಡೆಯಿಂದ ಏದುಸಿರು ಬಿಡುತ್ತ ಬಂದ. ಬಂದವನು ಕೂರಲಿಲ್ಲ. “ಕಲ್ಲಿನ ಮೇಲೆ ಹತ್ತೊಂಬತ್ತಿದೆ” ಎಂದ. ತೆಕ್ಲಜ್ಜಿ ಇನ್ನೊಂದು ಸಲ ತಲೆ ಎಣಿಸಿದಳು. ಇಪ್ಪತ್ತು. ಎತ್ತಿದ ಚಮಚಗಳು ಎತ್ತಿದಲ್ಲೇ ನಿಂತವು.

ಕಲ್ಲು ಎಂದರೆ ನಮ್ಮೂರ ಸೇತುವೆಯ ಈಚೆ ತುದಿಯಲ್ಲಿ ಆಳೆತ್ತರ ನಿಂತಿರುವ ಕಪ್ಪು ಕಲ್ಲು. ಅದರ ಮೇಲೆ ನಾಲ್ಕು ಸಾಲು: ಗೋರ್ನರು ಇಷ್ಟು, ಸಾಲ್ಮರು ಇಷ್ಟು, ತಿರಾಕರು ಇಷ್ಟು, ಕೊನೆಯಲ್ಲಿ ನಾವು, ವೆಸ್ಕರು, ಇಷ್ಟು. ಅಂಕಿಗಳನ್ನು ಯಾರೂ ಕೆತ್ತಿದ್ದಲ್ಲ, ಯಾರೂ ಅಳಿಸುವುದೂ ಇಲ್ಲ. ಸೇತುವೆಯ ಒಳಗಡೆ ಯಾರಿದ್ದಾರೋ ಅವರನ್ನು ಅದು ಎಣಿಸುತ್ತದೆ. ದಾಟಿ ಹೊರಗೆ ಹೋದವರನ್ನು ಬಿಟ್ಟುಬಿಡುತ್ತದೆ. ಇದರಲ್ಲಿ ಅಂಥ ವಿಶೇಷವೇನಿಲ್ಲ. ಆದರೆ ಅದು ನಮ್ಮ ಕಾಗದಪತ್ರ ಕೇಳುವುದಿಲ್ಲ, ಅಪ್ಪ ಅಮ್ಮನ ಹೆಸರು ಕೇಳುವುದಿಲ್ಲ. ಆ ಹೊತ್ತಿಗೆ ನಿಮ್ಮ ಎದೆಯೊಳಗೆ ನೀವು ಯಾರೋ ಅದನ್ನು ಮಾತ್ರ ನೋಡುತ್ತದೆ. ಸಾಲ್ಮರ ಕಡುಬಿನ ಹಬ್ಬದ ದಿನ ಸಾಲ್ಮರು ಬೆಳಿಗ್ಗೆ ಆರುನೂರ ನಲವತ್ತಿದ್ದವರು ಮಧ್ಯಾಹ್ನಕ್ಕೆ ಒಂಬೈನೂರು ದಾಟುತ್ತಾರೆ; ಕಡುಬಿನ ಪಾತ್ರೆ ತಳ ಕಂಡ ಮೇಲೆ ಮತ್ತೆ ಆರುನೂರ ನಲವತ್ತು. ತಿರಾಕರ ಪೈಲ್ವಾನ ಗೆದ್ದ ವರ್ಷ ಊರೆಲ್ಲ ತಿರಾಕರಾದರು; ಅವನು ಸೋತ ವರ್ಷ ಅವನ ಸ್ವಂತ ತಮ್ಮನೂ ತಿರಾಕನಾಗಿ ಉಳಿಯಲಿಲ್ಲ. ಎರಡು ಜನಾಂಗದವರು ಮದುವೆಯಾಗಿ ಮಗು ಹುಟ್ಟಿದರೆ ಅದು ಎಷ್ಟೋ ತಿಂಗಳು ಯಾವ ಸಾಲಿಗೂ ಸೇರದೆ ಅಂಬೆಗಾಲಿಡುತ್ತಿರುತ್ತದೆ. ಎರಡೂ ಕಡೆಯ ಅಜ್ಜಿಯರು ಗಿಲಕಿ ಹಿಡಿದುಕೊಂಡು ಕಾದಿರುತ್ತಾರೆ.

ನಮಗೆಲ್ಲ ಇದು ರೂಢಿಯಾಗಿ ಹೋಗಿತ್ತು. ರೂಢಿಯಾಗದೆ ಉಳಿದದ್ದು ಸರ್ಕಾರದ ಕಾನೂನು. ಹತ್ತು ವರ್ಷಕ್ಕೊಮ್ಮೆ ರಾಜಧಾನಿಯಿಂದ ಎಣಿಕೆ ಅಧಿಕಾರಿ ಬರುತ್ತಾರೆ. ಎಣಿಕೆಯ ದಿನ ಮಧ್ಯಾಹ್ನ ಹನ್ನೆರಡು ಹೊಡೆದಾಗ ಕಲ್ಲಿನ ಮೇಲೆ ಏನಿದೆಯೋ ಅದನ್ನು ರಿಜಿಸ್ಟರಿನಲ್ಲಿ ಬರೆದುಕೊಂಡು ಹೋಗುತ್ತಾರೆ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ಜನಾಂಗಕ್ಕೆ ಒಂದು ಶಾಲೆ, ಒಂದು ಬೀದಿಯ ಹೆಸರು, ವರ್ಷಕ್ಕೊಂದು ರಜೆ. ಕಡಿಮೆಯಿದ್ದರೆ ಅವರನ್ನು ‘ಇತರೆ’ ಎಂಬ ಸಾಲಿಗೆ ತಳ್ಳಿ ಶಾಲೆಗೆ ಬೀಗ ಹಾಕುತ್ತಾರೆ. ಬೆಟ್ಟದಾಚೆಯ ಊರಿನಲ್ಲಿ ಹೀಗೆ ಇತರೆ ಆದವರು ಐದು ಜನ ಇದ್ದಾರೆ. ಐವರದೂ ಬೇರೆ ಬೇರೆ ಭಾಷೆ. ಇತರೆಯವರ ವಾರ್ಷಿಕ ಸಭೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಚಹಾ ಕುಡಿದು ಎದ್ದು ಬರುತ್ತಾರಂತೆ.

ನಮ್ಮ ಶಾಲೆಯ ಮೇಷ್ಟ್ರು ನಾನೇ, ಆಂದ್ರಿಶ್. ಹದಿನೆಂಟು ವರ್ಷದಿಂದ ಅದೇ ಕೆಲಸ. ಐದು ವೆಸ್ಕ ಮಕ್ಕಳು, ಜತೆಗೆ ನಮ್ಮ ಒಲೆ ಚೆನ್ನಾಗಿ ಉರಿಯುತ್ತದೆ ಎಂದು ಬಂದು ಕೂರುವ ಮೂರು ತಿರಾಕ ಮಕ್ಕಳು. ನಾನು ಕಲಿಸದಿದ್ದರೆ ವೆಸ್ಕ ಭಾಷೆಯನ್ನು ಓದಿ ಬರೆಯುವವರು ಭೂಮಿಯ ಮೇಲೆ ಇರುವುದಿಲ್ಲ ಎಂದು ನಾನು ಹೋದಲ್ಲಿ ಬಂದಲ್ಲಿ ಹೇಳುತ್ತಿದ್ದೆ. ಅದು ನಿಜವೂ ಆಗಿತ್ತು. ಹೇಳುವಾಗ ನನಗೆ ಸ್ವಲ್ಪ ಕೊಬ್ಬೂ ಇತ್ತು. ಎಣಿಕೆಗೆ ಇನ್ನು ಹನ್ನೊಂದೇ ದಿನ. ಸಾವಿನೂಟದ ನಡುವೆ ಎದ್ದು ನಿಂತು, “ನಮ್ಮೊಳಗೇ ಒಬ್ಬ ನಮ್ಮವನಲ್ಲ” ಎಂದು ಭಾಷಣ ಶುರುಮಾಡಿದವನೂ ನಾನೇ.

ಆಮೇಲಿನ ಮೂರು ದಿನ ನಾವು ಒಬ್ಬರನ್ನೊಬ್ಬರು ನೋಡಿದ ರೀತಿಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಎಲ್ಲರ ಕಣ್ಣೂ ಮೊದಲು ಹೋದದ್ದು ಮಿಹಾಲನ ಮೇಲೆ, ಏಕೆಂದರೆ ಅವನ ಹೆಂಡತಿ ರೋಜ್ಕಾ ಗೋರ್ನರವಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವನು ಯಾರೂ ಕೇಳದಿದ್ದರೂ ಎಲ್ಲರ ಹತ್ತಿರ ಹೋಗಿ “ನಾನಲ್ಲ, ನಮ್ಮಪ್ಪನಾಣೆ ನಾನಲ್ಲ” ಎಂದು ಹೇಳಿಕೊಂಡು ಬಂದ. ಗಡ್ಡ ಹೆರೆಯುವಾಗಲೂ ಅದೇ ಮಾತು. ಅವನು ಕತ್ತಿ ಕೆಳಗಿಡುವವರೆಗೆ ಗಿರಾಕಿಗಳು ಅವನನ್ನು ಪೂರ್ತಿ ನಂಬುತ್ತಿದ್ದರು. ಪೀಪಾಯಿ ಕಟ್ಟುವ ಗಾವ್ರಿಲ್ ತನ್ನ ಭಾವಮೈದುನನ ಮೇಲೆ ಅನುಮಾನಪಟ್ಟ. ಭಾವಮೈದುನ ಗಾವ್ರಿಲನ ಬೆಕ್ಕಿನ ಮೇಲೆ ಅನುಮಾನಪಟ್ಟ, ಅದು ಯಾಕೆ ಎಂದು ನಾವು ಕೇಳಲಿಲ್ಲ.

ಕೊನೆಗೆ ಉಪಾಯ ಹೂಡಿದ್ದು ನಾನು. ಒಬ್ಬೊಬ್ಬರೇ ಸೇತುವೆ ದಾಟಿ ಆಚೆ ದಡಕ್ಕೆ ಹೋಗಬೇಕು. ಹೋದವರು ನಿಜವಾದ ವೆಸ್ಕರಾದರೆ ಕಲ್ಲಿನ ಮೇಲೆ ಹತ್ತೊಂಬತ್ತು ಹದಿನೆಂಟಾಗುತ್ತದೆ. ಯಾರು ಹೋದಾಗ ಅಂಕಿ ಕದಲುವುದಿಲ್ಲವೋ ಅವರೇ ಆಸಾಮಿ. ಆಮೇಲೆ ಅವರನ್ನು ಕೂರಿಸಿ ಬುದ್ಧಿ ಹೇಳಿದರಾಯಿತು. ಬುದ್ಧಿ ಹೇಳುವ ಭಾಗವನ್ನು ನಾನೇ ವಹಿಸಿಕೊಂಡಿದ್ದೆ.

ಭಾನುವಾರ ಬೆಳಿಗ್ಗೆ ಹೊಸ ಟೋಪಿ ಹಾಕಿಕೊಂಡು, ನೋಟುಬುಕ್ಕು ಪೆನ್ಸಿಲ್ಲು ಹಿಡಿದು ಕಲ್ಲಿನ ಪಕ್ಕ ನಿಂತೆ. ಮೊದಲು ತೆಕ್ಲಜ್ಜಿ. “ನಂಗ್ಯಾತಕ್ಕಪ್ಪಾ ಪರೀಕ್ಷೆ? ನಾನು ಸತ್ತು ಹುಲ್ಲಾದ್ರೂ ವೆಸ್ಕರ ಹುಲ್ಲೇ” ಎಂದು ಗೊಣಗುತ್ತ ಕೋಲೂರಿಕೊಂಡು ಹೋದಳು. ಹದಿನೆಂಟು. ಬಂದಳು, ಹತ್ತೊಂಬತ್ತು. ಗಾವ್ರಿಲ್ ಹೋದ, ಹದಿನೆಂಟು. ಆಚೆ ದಡದಲ್ಲಿ ಬಿಸಿಲು ಹಿತವಾಗಿದೆ ಎಂದು ಚುಟ್ಟಾ ಹಚ್ಚಿಕೊಂಡು ಕೂತುಬಿಟ್ಟದ್ದರಿಂದ ಅವನನ್ನು ಕೂಗಿ ಕರೆಯಬೇಕಾಯಿತು. ಅವನ ಮಗಳು ತನ್ನ ಎರಡು ವರ್ಷದ ಕೂಸನ್ನು ಎತ್ತಿಕೊಂಡು ಹೋದಾಗ ಒಮ್ಮೆಲೇ ಹದಿನೇಳಾಯಿತು. ಅಂದರೆ ಮೂಗು ಒರೆಸಿಕೊಳ್ಳಲು ಬಾರದ ಆ ಕೂಸು ಕೂಡ ತಾನು ಯಾರೆಂದು ತೀರ್ಮಾನ ಮಾಡಿಕೊಂಡಿತ್ತು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಮಿಹಾಲನ ಸರದಿ ಬಂದಾಗ ಎಲ್ಲರೂ ಕಲ್ಲಿನ ಹತ್ತಿರಕ್ಕೆ ಸರಿದರು. ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ ರೋಜ್ಕಾ ಕೂಡ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಳು. ಅವನು ಗಲ್ಲಿಗೆ ಹೋಗುವವನಂತೆ ಒಂದೊಂದೇ ಹೆಜ್ಜೆಯಿಟ್ಟ. ಆಚೆ ದಡಕ್ಕೆ ಕಾಲಿಟ್ಟ. ಹದಿನೆಂಟು! ನಾನು ಟೋಪಿ ಬೀಸಿದ್ದನ್ನು ಕಂಡು ಅವನು ಸೇತುವೆಯ ಕಟಕಟೆ ತಬ್ಬಿಕೊಂಡು ಗೋಳೋ ಎಂದು ಅತ್ತುಬಿಟ್ಟ. “ಅಯ್ಯೋ ನನ್ ಗಂಡನೇ, ನಾಲ್ಕ್ ಮಕ್ಳು ಆದಾಗ್ಲೂ ಹಿಂಗೆ ಅತ್ತಿರ್ಲಿಲ್ಲ ನೀನು” ಎಂದಳು ರೋಜ್ಕಾ.

ಹೀಗೆ ನೋಟುಬುಕ್ಕಿನಲ್ಲಿ ಹತ್ತೊಂಬತ್ತು ಸರಿ ಗುರುತು ಬಿದ್ದವು. ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ: “ಬಂಧುಗಳೇ, ಎಲ್ಲರೂ ಸರಿಯಾಗಿದ್ದಾರೆ. ಅಂದಮೇಲೆ ತಪ್ಪು ಕಲ್ಲಿನದೇ.”

ಗಾವ್ರಿಲ್ ಚುಟ್ಟಾ ಬಾಯಿಂದ ತೆಗೆದು, “ಮೇಷ್ಟ್ರೇ, ನೀವು ದಾಟ್ಲಿಲ್ಲ” ಎಂದ.

“ನಾನು ಎಣಿಸುವವನಲ್ಲವೇ?”

“ಬುಕ್ಕು ಇಲ್ಲಿ ಕೊಡಿ, ನಾನ್ ಹಿಡ್ಕೋತೀನಿ.”

ಸೇತುವೆ ನಲವತ್ತು ಹೆಜ್ಜೆ. ಮಧ್ಯದಲ್ಲಿ ಒಂದು ಹಲಗೆ ಸಡಿಲವಾಗಿರುವುದನ್ನು ಅಷ್ಟು ವರ್ಷ ದಾಟಿದರೂ ಅವತ್ತೇ ಗಮನಿಸಿದ್ದು. ಆಚೆ ದಡದಲ್ಲಿ ನಿಂತು ತಿರುಗಿದೆ. ಅಲ್ಲಿಂದ ಅಂಕಿ ಕಾಣುವುದಿಲ್ಲ, ಹತ್ತೊಂಬತ್ತು ಮುಖ ಮಾತ್ರ ಕಾಣುತ್ತದೆ. “ಎಷ್ಟಿದೆ?” ಎಂದು ಕೂಗಿದೆ. ಎಲ್ಲರೂ ಕಲ್ಲನ್ನೇ ನೋಡುತ್ತಿದ್ದರು. “ಎಷ್ಟಿದೆ ಹೇಳ್ರೋ!” ಗಾವ್ರಿಲ್ ಬುಕ್ಕು ಮುಚ್ಚಿದ. ಆಮೇಲೆ ಹೊಳೆಯ ಕಡೆಯಿಂದ ರೋಜ್ಕಾಳ ನಗು ಕೇಳಿಸಿತು. ಒದ್ದೆ ಬಟ್ಟೆ ಕೈಯಲ್ಲೇ ಹಿಡಿದುಕೊಂಡು ಕಲ್ಲಿನ ಹತ್ತಿರ ಓಡಿ ಬಂದಿದ್ದಳು. “ಬನ್ನಿ ಮೇಷ್ಟ್ರೇ, ಬೇಗ ಬನ್ನಿ! ನೀವು ನಮ್ಮೋರು! ಮೂರ್ ಸಾವ್ರದ ನೂರ ಹನ್ನೆರಡಿದ್ದೋರು ಹನ್ನೊಂದಾಗಿದೀವಿ, ನೀವಿಲ್ದೆ ಬಿಕೋ ಅಂತಿದೆ!”

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಹದಿನೆಂಟು ವರ್ಷ ವೆಸ್ಕ ಶಾಲೆಯ ಕಪ್ಪು ಹಲಗೆಯ ಮುಂದೆ ನಿಂತವನು ಕಲ್ಲಿನ ಲೆಕ್ಕದಲ್ಲಿ ಗೋರ್ನ. ಆ ನಲವತ್ತು ಹೆಜ್ಜೆ ವಾಪಸು ಬರುವಾಗ ಹೊಳೆಗೆ ಹಾರಿಕೊಳ್ಳೋಣ ಎನಿಸಿತು. ನೀರು ಮೊಣಕಾಲುದ್ದ ಇದ್ದದ್ದರಿಂದ ಬಿಟ್ಟೆ.

ನಾನು ಸುಳ್ಳುಗಾರನಲ್ಲ. ಹಾಗಂತ ಅವರಿಗೆ ಹೇಳಿದೆ, ನನಗೂ ಹೇಳಿಕೊಂಡೆ. ಆದರೆ ಮನೆಗೆ ಬಂದು ಒಬ್ಬನೇ ಕೂತಾಗ ಒಂದೊಂದೇ ನೆನಪಾಯಿತು. ನನಗೆ ಕೋಪ ಬರುವುದು ಗೋರ್ನ ಭಾಷೆಯಲ್ಲಿ. ಹಲ್ಲು ನೋವು ಬಂದರೆ ನರಳುವುದು ಗೋರ್ನ ಭಾಷೆಯಲ್ಲಿ. ಓದಲು ರಾಜಧಾನಿಗೆ ಹೋದ ವರ್ಷ ಹಾಸ್ಟೆಲಿನ ಊಟದ ಮನೆಯಲ್ಲಿ ನಾನು ವೆಸ್ಕರ ಪದ್ಧತಿಯಂತೆ ಬಟ್ಟಲಿನ ಅಂಚನ್ನು ಚಮಚದಿಂದ ಮೂರು ಸಲ ಬಡಿದಾಗ ನಲವತ್ತು ಗೋರ್ನ ಹುಡುಗರು ನಕ್ಕಿದ್ದರು. ಊರು ಬಿಟ್ಟು ದೂರ ಹೋದವರನ್ನು ಊಟಕ್ಕೆ ಕರೆಯಲು ನಾವು ಹಾಗೆ ಬಡಿಯುತ್ತೇವೆ. ಅವತ್ತಿನಿಂದ ಬಡಿಯುವುದು ಬಿಟ್ಟೆ. ಊರಿಗೆ ಮರಳಿದ ಮೇಲೆ ನಾಲ್ಕು ಜನರ ಮುಂದೆ ಬಡಿಯುತ್ತಿದ್ದೆ, ಒಬ್ಬನೇ ಇದ್ದಾಗ ಸುಮ್ಮನೆ ಉಣ್ಣುತ್ತಿದ್ದೆ. ಮಕ್ಕಳಿಗೆ ಆ ಪದ್ಧತಿಯನ್ನು ಚಿತ್ರ ಬರೆದು ಕಲಿಸಿದವನು ನಾನು. ನನಗೆ ಅಳು ಬಂತು. ಅದೂ ಯಾವ ಭಾಷೆಯಲ್ಲಿ ಬಂತೋ ಎಂದು ಅರ್ಧಕ್ಕೇ ನಿಲ್ಲಿಸಿದೆ.

ಬೇರೆ ಜನರಾಗಿದ್ದರೆ ನನ್ನನ್ನು ಹೊರಹಾಕುತ್ತಿದ್ದರೋ ಏನೋ. ನಮ್ಮವರಿಗೆ ಆ ಅನುಕೂಲವೂ ಇರಲಿಲ್ಲ, ನಾನು ಬೇಕಾಗಿತ್ತು. ಉಳಿದ ಎಂಟು ದಿನದಲ್ಲಿ ಮೇಷ್ಟ್ರನ್ನು ವೆಸ್ಕನನ್ನಾಗಿ ಮಾಡುವುದು ಎಂದು ತೀರ್ಮಾನವಾಯಿತು. ಮಿಹಾಲ್ ನನ್ನ ಮೀಸೆಯನ್ನು ಹಳೆಯ ವೆಸ್ಕರಂತೆ ಎರಡೂ ಕಡೆ ಕೆಳಕ್ಕೆ ಇಳಿಬಿಟ್ಟು ಮೇಣ ಹಚ್ಚಿದ. ಶಾಲೆಯ ಮಕ್ಕಳು ನನಗೆ ಕಂಠಪಾಠ ಒಪ್ಪಿಸುವ ಬದಲು ನನ್ನಿಂದ ಒಪ್ಪಿಸಿಕೊಂಡರು. ತೆಕ್ಲಜ್ಜಿ ದಿನಕ್ಕೆ ಮೂರು ಹೊತ್ತು ಹುಳಿಗಂಜಿ ಕುಡಿಸಿದಳು. ರೈ ಹಿಟ್ಟನ್ನು ಐದು ದಿನ ಹುಳಿ ಬರಿಸಿ, ಹೊಗೆಯಲ್ಲಿ ಒಣಗಿಸಿದ ಪ್ಲಮ್ ಹಾಕಿ ಕಾಯಿಸುವ ಗಂಜಿ ಅದು. ವೆಸ್ಕರನ್ನು ಬಿಟ್ಟು ಬೇರೆಯವರು ಅದರ ವಾಸನೆಗೇ ಕಿಟಕಿ ಮುಚ್ಚುತ್ತಾರೆ. ನಾನು ಕಣ್ಣು ಮುಚ್ಚಿ ಕುಡಿಯುತ್ತಿದ್ದೆ. ಕಲ್ಲಿನ ಹತ್ತಿರ ಪಾಳಿಯ ಮೇಲೆ ಒಬ್ಬರು ಕಾವಲು. “ಕದಲಿತಾ?” “ಇಲ್ಲ.” “ಇನ್ನೊಂದು ಬಟ್ಟಲು ಕೊಡಿ.” ಗುರುವಾರ ಗಾವ್ರಿಲ್ ನನ್ನನ್ನು ಕಲ್ಲಿನ ಮುಂದೆಯೇ ನಿಲ್ಲಿಸಿ ವೆಸ್ಕರ ಹಳೆಯ ಹಾಡು ಹಾಡಿಸಿದ. ಅಂಕಿ ಕೊನೆಗೂ ಕದಲಿತು. ನನ್ನ ಹಾಡು ಕೇಳಿ ಗಾವ್ರಿಲನಿಗೇ ಜನಾಂಗದ ಮೇಲೆ ಬೇಸರ ಬಂದು ಹತ್ತು ನಿಮಿಷ ಹದಿನೆಂಟಾಗಿತ್ತು.

ಎಣಿಕೆಯ ದಿನ ಬಂದೇಬಂತು. ಬೆಳಗಿನ ಬಸ್ಸಿನಲ್ಲಿ ಇಳಿದ ಅಧಿಕಾರಿ ಹೋರ್ಬನ್ ಸಾಹೇಬರು ನಮ್ಮೂರಿಗೆ ಹೊಸಬರು. ಸಣಕಲು ಮನುಷ್ಯ, ಕುತ್ತಿಗೆಯವರೆಗೆ ಗುಂಡಿ ಹಾಕಿದ ಕೋಟು, ಕಂಕುಳಲ್ಲಿ ರಿಜಿಸ್ಟರು. ಅವರು ಸೇತುವೆ ದಾಟಿದಾಗ ಗೋರ್ನರು ಮೂರು ಸಾವಿರದ ನೂರಾ ಹದಿಮೂರಾದರು. ಅವರು ಕಲ್ಲನ್ನು ನೋಡಿ ತಲೆಯಾಡಿಸಿ, “ಸರಿಯಾಗಿದೆ. ನಮ್ಮದು ಏಳು ತಲೆಮಾರಿನಿಂದ ಗೋರ್ನ ಮನೆತನ. ಎಣಿಸುವ ಅಧಿಕಾರಿಯನ್ನು ಎಣಿಸಕೂಡದು ಎಂದು ನಿಯಮವಿದೆ, ಆದ್ದರಿಂದ ಬರೆಯುವಾಗ ಗೋರ್ನರಲ್ಲಿ ಒಂದು ಕಳೆಯುತ್ತೇನೆ” ಎಂದರು. ನಿಯಮವನ್ನು ಪುಟದ ಸಂಖ್ಯೆ ಸಮೇತ ಹೇಳಿದರು. ಇವರ ಹತ್ತಿರ ಕಣ್ಣೀರು ಹಾಕಿ ಪ್ರಯೋಜನವಿಲ್ಲ ಎಂದು ನಮಗೆ ಅಲ್ಲೇ ತಿಳಿದುಹೋಯಿತು.

ಎಣಿಕೆಯ ದಿನ ಪ್ರತಿ ಜನಾಂಗದವರೂ ಅಧಿಕಾರಿಗೆ ಊಟ ಹಾಕುವ ಪದ್ಧತಿಯಿದೆ. ಗೋರ್ನರು ಇಡೀ ಹಂದಿ ಸುಟ್ಟಿದ್ದರು, ಸಾಲ್ಮರು ಕಡುಬಿನ ಗುಡ್ಡ ಮಾಡಿದ್ದರು, ತಿರಾಕರು ಎರಡನ್ನೂ ಮಾಡಿದ್ದರು. ಸಾಹೇಬರಿಗೆ ಹೊಟ್ಟೆಯ ತೊಂದರೆ. ಎಲ್ಲ ಕಡೆಯೂ ಕೈಮುಗಿದು, ಎಲ್ಲ ಕಡೆಯೂ ಬಿಸಿನೀರು ಕುಡಿದು, ಹನ್ನೊಂದೂವರೆಗೆ ನಮ್ಮ ಶಾಲೆಗೆ ಬಂದರು. ಆಗ ನಮ್ಮವರೆಲ್ಲ ಕಲ್ಲಿನ ಮುಂದೆ ಗುಂಪುಗೂಡಿದ್ದರು. ಶಾಲೆಯಲ್ಲಿದ್ದವರು ನಾನು ಮತ್ತು ಒಲೆಯ ಮುಂದೆ ತೆಕ್ಲಜ್ಜಿ.

“ಏನು ಮಾಡಿದ್ದೀರಿ ನೀವು?” ಎಂದು ಸಾಹೇಬರು ದಣಿದ ದನಿಯಲ್ಲಿ ಕೇಳಿದರು.

“ಗಂಜಿ ಕಣಪ್ಪಾ, ಬರೀ ಗಂಜಿ. ಹೊಟ್ಟೆಗೆ ತಂಪು” ಎಂದಳು ತೆಕ್ಲಜ್ಜಿ.

ಗಂಜಿ ಎಂದದ್ದಕ್ಕೆ ಕೂತರು. ಅಜ್ಜಿ ಬಟ್ಟಲು ಮುಂದಿಟ್ಟಳು. ಈಗ ಮೂಗು ಮುಚ್ಚಿಕೊಳ್ಳುತ್ತಾರೆ ಎಂದು ನಾನು ಕಿಟಕಿ ತೆರೆಯಲು ಎದ್ದೆ. ಹಿಂದೆ ಸದ್ದು ಕೇಳಿತು: ಟಣ್, ಟಣ್, ಟಣ್. ತಿರುಗಿ ನೋಡಿದರೆ ಸಾಹೇಬರು ಆಗಲೇ ಉಣ್ಣುತ್ತಿದ್ದರು. ತೆಕ್ಲಜ್ಜಿಯ ಕೈಯಲ್ಲಿದ್ದ ಸೌಟು ಅಲ್ಲಾಡಲಿಲ್ಲ.

“ಅದ್ಯಾಕಪ್ಪಾ ಬಟ್ಟಲು ಬಡಿದೆ?” ಎಂದು ಅಜ್ಜಿ ಬಹಳ ಮೆತ್ತಗೆ ಕೇಳಿದಳು.

“ಬಡಿದೆನೇ? ಅದೊಂದು ಕೆಟ್ಟ ಅಭ್ಯಾಸ. ಕ್ಷಮಿಸಿ.” ಅವರ ಕಿವಿ ಕೆಂಪಾಯಿತು. “ನಮ್ಮಜ್ಜಿ ಬಡಿಯದೆ ಉಣ್ಣಲು ಬಿಡುತ್ತಿರಲಿಲ್ಲ. ಯಾಕೆ ಅಂತ ಕೇಳಿದರೆ ತಲೆಗೆ ಮೊಟಕುತ್ತಿದ್ದಳು. ನನ್ನ ಹೆಂಡತಿಗೆ ಇದು ಸ್ವಲ್ಪವೂ ಹಿಡಿಸುವುದಿಲ್ಲ.”

“ಯಾವೂರು ನಿಮ್ಮಜ್ಜೀದು?”

“ಗೊತ್ತಿಲ್ಲಮ್ಮ. ಊರಿನ ಮಾತೆತ್ತಿದರೆ ಎದ್ದು ಹೋಗಿ ಪಾತ್ರೆ ತೊಳೆಯುತ್ತಿದ್ದಳು.” ಅವರು ಇನ್ನೊಂದು ಚಮಚ ಬಾಯಿಗಿಟ್ಟರು, ಇನ್ನೊಂದು. ಆಮೇಲೆ ಚಮಚ ಕೆಳಗಿಟ್ಟು ಬಟ್ಟಲೊಳಗೇ ನೋಡುತ್ತ, “ಇದನ್ನು ಅವಳು ಔಷಧಿ ಎಂದು ಕುಡಿಸುತ್ತಿದ್ದಳು. ನನಗೆ ಜ್ವರ ಬಂದಾಗ, ಬಾಗಿಲು ಹಾಕಿಕೊಂಡು ಮಾಡುತ್ತಿದ್ದಳು. ಇದೇ ಪ್ಲಮ್. ಅವಳು ಸತ್ತು ಮೂವತ್ತು ವರ್ಷವಾಯಿತು, ಎಲ್ಲೂ ಸಿಗಲಿಲ್ಲ” ಎಂದರು. ಕುತ್ತಿಗೆಯ ಗುಂಡಿ ಬಿಚ್ಚಿದರು. ಮೂರು ಬಟ್ಟಲು ಉಂಡರು. ತೆಕ್ಲಜ್ಜಿ ಹತ್ತಿರ ಹೋಗಿ ಅವರ ತಲೆಯ ಮೇಲೆ ಸುಮ್ಮನೆ ಒಂದು ಸಲ ಕೈಯಾಡಿಸಿದಳು. ಸರ್ಕಾರದ ಅಧಿಕಾರಿಯ ತಲೆಯನ್ನು ಹಾಗೆ ಮುಟ್ಟಬಹುದೇ ಎಂದು ನಾನು ಗಾಬರಿಯಾದೆ. ಅವರು ತಲೆಯನ್ನು ಇನ್ನಷ್ಟು ಬಗ್ಗಿಸಿದರು. ನನ್ನ ತಲೆಯಲ್ಲಿ ಆಗ ಹನ್ನೆರಡು ಗಂಟೆಯ ಹೊರತು ಬೇರೇನೂ ಇರಲಿಲ್ಲ.

ನಾವು ಸೇತುವೆಯ ಹತ್ತಿರ ಬರುವಾಗಲೇ ಕೂಗಾಟ ಕೇಳಿಸಿತು. ಜಗಳ ಎಂದುಕೊಂಡೆ. ಮಿಹಾಲ್ ಓಡಿ ಬಂದು ನನ್ನನ್ನು ಸೊಂಟ ಹಿಡಿದು ಎತ್ತಿದ. “ಇಪ್ಪತ್ತು ಮೇಷ್ಟ್ರೇ, ಇಪ್ಪತ್ತು! ಬಂದ್ಬಿಟ್ರಿ ನೀವು!” ಜನರ ಹೆಗಲುಗಳ ನಡುವೆ ನನಗೂ ಕಂಡಿತು. ಗೋರ್ನರು ಮೂರು ಸಾವಿರದ ನೂರಾ ಹನ್ನೆರಡು. ವೆಸ್ಕರು ಇಪ್ಪತ್ತು. ಗೋರ್ನರಲ್ಲಿ ಒಂದು ಕಡಿಮೆ, ನಮ್ಮಲ್ಲಿ ಒಂದು ಹೆಚ್ಚು. ಗಾವ್ರಿಲ್ ನನ್ನ ಎರಡೂ ಕೆನ್ನೆಗೆ ಮುತ್ತು ಕೊಟ್ಟ; ಮೀಸೆಯ ಮೇಣ ಅವನ ಗಡ್ಡಕ್ಕೆ ಅಂಟಿಕೊಂಡಿತು. “ಅಯ್ಯೋ, ನಮ್ ಮೇಷ್ಟ್ರನ್ನ ಕಿತ್ಕೊಂಡ್ರಲ್ಲ” ಎಂದು ರೋಜ್ಕಾ ನಕ್ಕಳು. ನಾನು ಅತ್ತೆ. ಎದೆಯೊಳಗೆ ಏನಾದರೂ ಬದಲಾಗಿದೆಯೇ ಎಂದು ಹುಡುಕಿ ನೋಡಿದೆ, ಏನೂ ಗೊತ್ತಾಗಲಿಲ್ಲ. ಆದರೆ ಬಂದ ಭಾಗ್ಯವನ್ನು ಬೇಡ ಎನ್ನಲು ನನಗೇನು ಹುಚ್ಚೇ?

ಗಡಿಯಾರ ಹನ್ನೆರಡು ಹೊಡೆಯಿತು. ಹೋರ್ಬನ್ ಸಾಹೇಬರು ಕಲ್ಲಿನ ಮುಂದೆ ನಿಂತು ಒಂದೊಂದೇ ಸಾಲು ಓದಿ ಬರೆದುಕೊಂಡರು. ಗೋರ್ನರ ಸಾಲಿಗೆ ಬಂದಾಗ ನಿಯಮದಂತೆ ತಮ್ಮನ್ನು ತಾವು ಕಳೆದುಕೊಂಡು ಮೂರು ಸಾವಿರದ ನೂರಾ ಹನ್ನೊಂದು ಎಂದು ಬರೆದರು. ವೆಸ್ಕರು, ಇಪ್ಪತ್ತು. ಮೊಹರು ಒತ್ತಿ ರಿಜಿಸ್ಟರು ಮುಚ್ಚಿದರು. ಶಾಲೆಗೆ ಇನ್ನು ಹತ್ತು ವರ್ಷ ಭಯವಿರಲಿಲ್ಲ.

ನಮ್ಮವರೆಲ್ಲ ಕುಣಿಯುತ್ತ ಶಾಲೆಯ ಕಡೆ ಹೋದರು. ಅಧಿಕಾರಿಯನ್ನು ಬೀಳ್ಕೊಡುವುದು ಮೇಷ್ಟ್ರ ಕೆಲಸವಾದ್ದರಿಂದ ನಾನು ಉಳಿದೆ. ಬೇಗ ನಡೆಯಲಾರದ ತೆಕ್ಲಜ್ಜಿ ಕಲ್ಲಿಗೆ ಒರಗಿ ನಿಂತಳು. ಬಸ್ಸು ಸೇತುವೆ ಹತ್ತಿತು. ಸಾಹೇಬರು ಹಿಂದಿನ ಸೀಟಿನಲ್ಲಿ ಕೂತು ಕಲ್ಲನ್ನೇ ನೋಡುತ್ತಿದ್ದರು, ಅದು ಅವರ ವೃತ್ತಿಯ ಚಟ. ಸಡಿಲ ಹಲಗೆ ಗಡಗಡ ಎಂದಿತು. ಬಸ್ಸು ಆಚೆ ದಡದ ಏರನ್ನು ಹತ್ತಲಾರದೆ ಅಲ್ಲೇ ಒಂದು ಗಳಿಗೆ ನಿಂತಿತು. ನಾನು ಕಲ್ಲಿನ ಕಡೆ ನೋಡಿದೆ. ಗೋರ್ನರು ಮೂರು ಸಾವಿರದ ನೂರಾ ಹನ್ನೆರಡು, ಹಾಗೇ ಇತ್ತು. ವೆಸ್ಕರು ಹತ್ತೊಂಬತ್ತು.

ಆಚೆ ದಡದಿಂದ ಅಂಕಿ ಕಾಣುವುದಿಲ್ಲ ಎಂದು ಹೇಳಿದೆನಲ್ಲ, ಆದರೆ ನನ್ನ ಮುಖ ಕಂಡಿರಬೇಕು. ಸಾಹೇಬರು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ನಿಯಮದ ಪ್ರಕಾರ ಬಸ್ಸು ನಿಲ್ಲಿಸಿ, ಇಳಿದು ಬಂದು, ರಿಜಿಸ್ಟರು ತೆರೆದು, ತಮ್ಮನ್ನು ಗೋರ್ನರ ಬದಲು ವೆಸ್ಕರಲ್ಲಿ ಕಳೆದು ತಿದ್ದಬೇಕಾಗಿತ್ತು. ಪುಟದ ಸಂಖ್ಯೆ ಅವರಿಗೆ ಗೊತ್ತೇ ಇತ್ತು. ಅವರು ತಲೆಯ ಮೇಲಿನ ಹ್ಯಾಟು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಬೆರಳಿನ ಗೆಣ್ಣಿನಿಂದ ಬಸ್ಸಿನ ಗಾಜನ್ನು ಮೂರು ಸಲ ಬಡಿದರು. ಬಸ್ಸು ಏರು ಹತ್ತಿ ಹೋಯಿತು.

“ಎಷ್ಟು ತೋರಿಸ್ತಿದೆ?” ಎಂದಳು ತೆಕ್ಲಜ್ಜಿ. ಅವಳಿಗೆ ಕಣ್ಣು ಮಂಜು.

“ಇಪ್ಪತ್ತಜ್ಜಿ.”

“ಸುಳ್ಳು ಹೇಳೋಕೂ ಬರಲ್ವಲ್ಲೋ ನಿಂಗೆ. ಅವನು ಬಟ್ಟಲು ಬಡಿದಾಗ್ಲೇ ಗೊತ್ತಾಯ್ತು ನಂಗೆ.” ಕೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡಳು. “ನಿಂದೂ ಗೊತ್ತಿತ್ತು ಬಿಡು.”

“ಭಾನುವಾರದಿಂದಲಾ?”

“ಹದಿನೆಂಟು ವರ್ಷದಿಂದ. ನೀನು ಓದು ಮುಗಿಸ್ಕೊಂಡು ಕನ್ನಡಕ ಹಾಕ್ಕೊಂಡು ಬಂದ್ಯಲ್ಲ, ಅವತ್ತು ನಾನು ಇಲ್ಲೇ ನಿಂತಿದ್ದೆ, ಮೂವತ್ತೊಂದು ಮೂವತ್ತೆರಡಾಗೋದನ್ನ ನೋಡೋಣ ಅಂತ. ನೀನು ಬಂದೆ, ನನ್ನ ಕಾಲಿಗೆ ಬಿದ್ದೆ, ಕಲ್ಲು ಮೂವತ್ತೊಂದಕ್ಕೇ ನಿಂತಿತ್ತು. ಅವತ್ತು ಮನೆಗೆ ಹೋಗಿ ಅತ್ತಿದ್ದೆ.”

“ಮತ್ತೆ ಯಾರಿಗೂ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಮಕ್ಕಳಿಗೆ ಓದೋಕೆ ಯಾರು ಕಲಿಸ್ತಿದ್ರು? ಗಾವ್ರಿಲನಾ? ಅವನು ವೆಸ್ಕನೇ, ಪೂರಾ ವೆಸ್ಕ. ಅವನಿಗೆ ಅವನ ಹೆಸರು ಬರೆಯೋಕೆ ಬರಲ್ಲ. ನಿಂಗೆ ಬರತ್ತೆ, ನೀನು ವೆಸ್ಕ ಅಲ್ಲ. ಇರೋದ್ರಲ್ಲಿ ಸಂಸಾರ ತೂಗಿಸ್ಬೇಕು ಮಗಾ.” ಅವಳು ನನ್ನ ತೋಳು ಹಿಡಿದುಕೊಂಡಳು. “ನಡಿ, ಗಂಜಿ ಆರಿಹೋಗತ್ತೆ.”

ಮಾರನೆಯ ದಿನ ಎಲ್ಲರೂ ಹತ್ತೊಂಬತ್ತನ್ನು ನೋಡಿದರು. ಮೇಷ್ಟ್ರು ಬಂದರು, ಕೆಲಸ ಮುಗಿಸಿ ಮತ್ತೆ ಹೊರಟುಹೋದರು ಎಂದುಕೊಂಡರು. ನಾನು ಬಾಯಿ ಬಿಡುವಂತಿರಲಿಲ್ಲ. ಬಿಟ್ಟರೆ ರಾಜಧಾನಿಯವರೆಗೆ ಸುದ್ದಿ ಹೋಗಿ ಶಾಲೆಯೂ ಉಳಿಯುವುದಿಲ್ಲ, ಒಬ್ಬ ಒಳ್ಳೆಯ ಮನುಷ್ಯನ ಕೆಲಸವೂ ಉಳಿಯುವುದಿಲ್ಲ. ಹೀಗಾಗಿ ಊರಿನಲ್ಲಿ ನನಗೆ ‘ಮಧ್ಯಾಹ್ನದ ವೆಸ್ಕ’ ಎಂಬ ಹೆಸರು ಬಿತ್ತು. ಮಿಹಾಲ್ ಗಡ್ಡ ಹೆರೆಯುವಾಗ ಗೋಡೆ ಗಡಿಯಾರ ನೋಡಿ, “ಹನ್ನೆರಡಾಗ್ತಾ ಬಂತು, ಮೇಷ್ಟ್ರೇ, ಹುಷಾರು” ಎನ್ನುತ್ತಾನೆ. ರೋಜ್ಕಾ ಗೋರ್ನರ ಹಬ್ಬಕ್ಕೆ ನನಗೊಂದು ತಟ್ಟೆ ಕಳಿಸುತ್ತಾಳೆ. ಬೇಡ ಎನ್ನಲು ಬಾಯಿ ಬರುವುದಿಲ್ಲ, ಅವಳ ಕೈಯಡುಗೆ ಚೆನ್ನಾಗಿರುತ್ತದೆ.

ಮನೆಯಲ್ಲಿ ಒಬ್ಬನೇ ಉಣ್ಣುವಾಗ ಈಗ ಬಟ್ಟಲು ಬಡಿಯುತ್ತೇನೆ. ಮೊದಮೊದಲು ಬಡಿದು ಓಡಿಹೋಗಿ ಕಲ್ಲು ನೋಡಿ ಬರುತ್ತಿದ್ದೆ. ಯಾವಾಗಲೂ ಹತ್ತೊಂಬತ್ತು. ಗಂಜಿ ತಣ್ಣಗಾಗುವುದೊಂದೇ ಲಾಭ. ಈಗ ನೋಡುವುದು ಬಿಟ್ಟಿದ್ದೇನೆ.

ನಿನ್ನೆ ಪಾಠ ಮಾಡುವಾಗ ಆ ಪದ್ಧತಿಯ ಪುಟವೇ ಬಂತು. ಗಾವ್ರಿಲನ ದೊಡ್ಡ ಮೊಮ್ಮಗಳು ವೆರ್ಕಾ, ಏಳು ವರ್ಷದವಳು, ಕೈ ಎತ್ತಿದಳು. “ಮೇಷ್ಟ್ರೇ, ಮೂರು ಸಲ ಬಡಿದ್ರೆ ದೂರ ಹೋದೋರು ನಿಜ್ವಾಗ್ಲೂ ಬರ್ತಾರಾ?” ಹದಿನೆಂಟು ವರ್ಷದಿಂದ ಈ ಪ್ರಶ್ನೆಗೆ ನಾನು ಒಂದೇ ಉತ್ತರ ಕೊಡುತ್ತಿದ್ದೆ: ಅದು ಹಿಂದಿನವರ ನಂಬಿಕೆ, ಬರೆದುಕೊಳ್ಳಿ. ನಿನ್ನೆ ಆ ಉತ್ತರ ಬಾಯಿಗೆ ಬರಲಿಲ್ಲ. “ಬರ್ತಾರೆ ಮಗಳೇ” ಎಂದೆ. “ತಡ ಆಗತ್ತೆ, ಮೂವತ್ತು ವರ್ಷಾನೂ ಆಗತ್ತೆ. ಒಂದು ಮಧ್ಯಾಹ್ನ ಬಂದು ಉಂಡು ಹೋಗ್ತಾರೆ. ನಾನೇ ನೋಡಿದೀನಿ.” ಮಕ್ಕಳು ಅದನ್ನೂ ಬರೆದುಕೊಂಡರು. ಕೋಣೆಯ ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು.

ಅದೇ ಸಂಜೆ ರೋಜ್ಕಾ ಒಗೆದ ಬಟ್ಟೆಯ ಬುಟ್ಟಿ ಹೊತ್ತುಕೊಂಡು ಶಾಲೆಯ ಮುಂದೆ ಹೋಗುವಾಗ ನಿಂತಳು. “ಮೇಷ್ಟ್ರೇ, ಇವತ್ತು ನಿಮ್ಮೋರು ಯಾರೋ ಪರಸ್ಥಳದಿಂದ ಬಂದಿದ್ರಾ? ಹನ್ನೊಂದೂಕಾಲ್‌ಗೆ ಹೊಳೇಲಿದ್ದೆ, ತಲೆ ಎತ್ತಿ ನೋಡ್ತೀನಿ, ವೆಸ್ಕರು ಇಪ್ಪತ್ತು! ಹತ್ತು ನಿಮಿಷ ಇದ್ದು ಹೋಯ್ತು.”

“ಬಸ್ಸಿನಲ್ಲಿ ಯಾರೋ ಬಂದು ಹೋಗಿರಬೇಕು” ಎಂದೆ.

“ಅದೇ ಇರ್ಬೇಕು” ಎಂದು ಅವಳು ಬುಟ್ಟಿ ಸರಿಮಾಡಿಕೊಂಡು ಹೊರಟಳು. ನಿನ್ನೆ ಬಸ್ಸು ಬಂದೇ ಇರಲಿಲ್ಲ.